ವಿದ್ಯುತ್ ರೈಲಿನ ಸೀಮೆನ್ಸ್

ಈ ಸಲದ ವಾರ್ತಾಪತ್ರಕ್ಕೆ ಹಿಂದಿನ ಕಾಲದ ಒಬ್ಬ ಹೆಸರಾಂತ ವ್ಯಕ್ತಿಯ ಜೀವನದ ಬಗ್ಗೆ ಬರೆದುಕೊಡಿ ಎಂದು ಕನ್ನಡ ಮೇಡಂ ಹೇಳಿದ ಕೂಡಲೇ ನಮ್ಮ ತರಗತಿಯಲ್ಲಿ ಮೂವರು ವಿಶ್ವೇಶ್ವರಯ್ಯನವರನ್ನೂ ಇಬ್ಬರು ಟಿಪ್ಪು ಸುಲ್ತಾನರನ್ನೂ ಹಿಡಿದುಕೊಂಡರು. ನನಗೆ ಯಾರೂ ಉಳಿಯಲಿಲ್ಲ. ಸೈನ್ಸ್ ವಿಭಾಗದ ಗೆಳತಿಯ ಭೌತಶಾಸ್ತ್ರ ಪುಸ್ತಕ ತಿರುವುತ್ತಿದ್ದಾಗ ವಿದ್ಯುತ್ ವಾಹಕತೆಯನ್ನು ಅಳೆಯುವ ಮಾನದ ಹೆಸರು ಸೀಮೆನ್ಸ್ ಎಂದು ಕಂಡಿತು. ಈ ಹೆಸರು ನನಗೆ ಹೊಸದಲ್ಲ. ಮುಂಬಯಿಯ ಕುರ್ಲಾದಲ್ಲಿರುವ ಮಾಮು ತಾವು ದಿನಾ ನೇತಾಡಿಕೊಂಡು ಹೋಗುವ ಲೋಕಲ್ ರೈಲಿನ ಕಥೆ ಹೇಳುವಾಗ ಸೀಮೆನ್ಸ್ ಗಾಡಿ ಎನ್ನುತ್ತಿದ್ದರು. ಅದು ಕಂಪೆನಿಯ ಹೆಸರು ಎಂದಷ್ಟೇ ಗೊತ್ತಿತ್ತು, ಅದರ ಹಿಂದೆ ಒಬ್ಬ ಮನುಷ್ಯ ಇದ್ದನೆಂದು ಗೊತ್ತಿರಲಿಲ್ಲ.

ಇನ್ನೊಂದು ಕಾರಣ ನಮ್ಮ ಮನೆಯಲ್ಲಿದೆ. ನಮ್ಮದು ಕೊಲ್ಲೂರು. ಅಬ್ಬಾ ರಿಕ್ಷಾ ಓಡಿಸುತ್ತಾರೆ. ಕೊಲ್ಲೂರಿಗೆ ರೈಲು ಬರುವುದಿಲ್ಲ. ದೇವಸ್ಥಾನಕ್ಕೆ ಬರುವ ಕೇರಳದ ಯಾತ್ರಿಕರು ಬೈಂದೂರಿನ ಮೂಕಾಂಬಿಕಾ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲೋ ಬಾಡಿಗೆ ಗಾಡಿಯಲ್ಲೋ ಬರುತ್ತಾರೆ. ಆದ್ದರಿಂದ ನಮ್ಮ ಮನೆಯ ಅನ್ನ ರೈಲಿನ ಸಮಯಕ್ಕೆ ತಕ್ಕಂತೆ ಬೇಯುತ್ತದೆ. ನಾನು ಒಂಬತ್ತನೇ ತರಗತಿಗೆ ಸೇರಿದ ವರ್ಷ, ಅಂದರೆ 2022ರಲ್ಲಿ, ಕೊಂಕಣ ರೈಲುಮಾರ್ಗ ಪೂರ್ತಿ ವಿದ್ಯುದೀಕರಣವಾಯಿತು. ಅದಕ್ಕೆ ಮೊದಲು ರಜೆಯಲ್ಲಿ ಅಬ್ಬಾ ಜೊತೆ ಸ್ಟೇಷನ್ನಿಗೆ ಹೋದರೆ ಡೀಸೆಲ್ ಎಂಜಿನ್ ಹೊರಡುವಾಗ ಹೊಗೆ ಕಾರುತ್ತಿತ್ತು, ಕಿವಿ ಮುಚ್ಚಿಕೊಳ್ಳಬೇಕಾಗುತ್ತಿತ್ತು. ಈಗ ಗಾಡಿ ಹೊರಟದ್ದೇ ತಿಳಿಯುವುದಿಲ್ಲ. ಒಮ್ಮೆ ನೋಡುತ್ತಿದ್ದಂತೆ ಕೊನೆಯ ಡಬ್ಬಿಯೂ ಪ್ಲಾಟ್‌ಫಾರ್ಮ್ ದಾಟಿತ್ತು.

ಈಗ ಅಬ್ಬಾ ಹಳೆಯ ರಿಕ್ಷಾ ಕೊಟ್ಟು ಬ್ಯಾಟರಿ ರಿಕ್ಷಾ ತೆಗೆದುಕೊಳ್ಳಬೇಕೋ ಬೇಡವೋ ಎಂಬ ಯೋಚನೆಯಲ್ಲಿದ್ದಾರೆ. ಮನೆಯಲ್ಲಿ ದೊಡ್ಡವಳು ನಾನು, ಕಾಮರ್ಸ್ ಬೇರೆ, ಹಾಗಾಗಿ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿದೆ. ಈ ಲೇಖನಕ್ಕಾಗಿ ಓದಲು ಕೂತಾಗಲೂ ನನ್ನ ತಲೆಯಲ್ಲಿ ಆ ಲೆಕ್ಕವೇ ಓಡುತ್ತಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ.

ವರ್ನರ್ ಸೀಮೆನ್ಸ್ 1816ರ ಡಿಸೆಂಬರ್ 13ರಂದು ಜರ್ಮನಿಯ ಹನೋವರ್ ಹತ್ತಿರದ ಲೆಂಟೆ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆಗೆ ಸ್ವಂತ ಜಮೀನಿರಲಿಲ್ಲ, ಗೇಣಿಗೆ ಹಿಡಿದು ಬೇಸಾಯ ಮಾಡುತ್ತಿದ್ದರು. ಒಟ್ಟು ಹದಿನಾಲ್ಕು ಮಕ್ಕಳು, ವರ್ನರ್ ನಾಲ್ಕನೆಯವರು. ಅವರ ಬಾಲ್ಯದ ಒಂದು ಘಟನೆಯನ್ನು ಅವರೇ ಮುಂದೆ ಆತ್ಮಕಥೆಯಲ್ಲಿ ನೆನಪಿಸಿಕೊಂಡಿದ್ದಾರೆ. ಅಕ್ಕ ಮಟಿಲ್ಡೆ ಹೆಣಿಗೆ ಕಲಿಯಲು ಪಾದ್ರಿಯ ಮನೆಗೆ ಹೋಗುವ ದಾರಿಯಲ್ಲಿ ಒಂದು ಗಂಡು ಹೆಬ್ಬಾತು ಕತ್ತು ಚಾಚಿ ಕಚ್ಚಲು ಬರುತ್ತಿತ್ತಂತೆ. ಅಕ್ಕ ಹೆದರಿ ಹೋಗುವುದನ್ನೇ ನಿಲ್ಲಿಸಿದಳು. ತಂದೆ ಐದು ವರ್ಷದ ವರ್ನರ್ ಕೈಗೆ ಒಂದು ಕೋಲು ಕೊಟ್ಟು ಅಕ್ಕನನ್ನು ಕರೆದುಕೊಂಡು ಹೋಗಲು ಹೇಳಿದರು. ಹುಡುಗ ಕಣ್ಣು ಮುಚ್ಚಿಕೊಂಡು ಕೋಲು ಬೀಸಿದ. ಹೆಬ್ಬಾತು ಓಡಿತು.

ಈ ಕಥೆಯಲ್ಲಿ ಎಲ್ಲರೂ ಆ ಹುಡುಗನನ್ನು ಹೊಗಳುತ್ತಾರೆ. ನನಗೆ ಮಾತ್ರ ಅಕ್ಕನ ಮುಂದಿನ ಕಥೆಯೇ ದೊಡ್ಡದಾಗಿ ಕಂಡಿತು. 1839ರಲ್ಲಿ ತಾಯಿ, ಮರುವರ್ಷದ ಆರಂಭದಲ್ಲಿ ತಂದೆ ತೀರಿಕೊಂಡರು. ಆಗ ವರ್ನರ್‌ಗೆ ಇಪ್ಪತ್ಮೂರು ವರ್ಷ. ಕೆಳಗೆ ಚಿಕ್ಕ ಚಿಕ್ಕ ತಮ್ಮಂದಿರು. ಅಷ್ಟರಲ್ಲಿ ಮದುವೆಯಾಗಿದ್ದ ಮಟಿಲ್ಡೆ ಅವರಲ್ಲಿ ಕೆಲವರನ್ನು ತನ್ನ ಮನೆಗೇ ಕರೆದುಕೊಂಡಳು. ಪುಸ್ತಕಗಳಲ್ಲಿ ಅವಳಿಗೆ ಸಿಗುವುದು ಒಂದೆರಡು ಸಾಲು.

ವರ್ನರ್‌ಗೆ ಎಂಜಿನಿಯರಿಂಗ್ ಓದುವ ಆಸೆ ಇತ್ತು. ಬರ್ಲಿನ್ನಿನ ಕಟ್ಟಡ ವಿದ್ಯಾಲಯದ ಖರ್ಚು ಮನೆಗೆ ಭಾರ. ಹಾಗಾಗಿ ಲೂಬೆಕ್ಕಿನ ಶಾಲೆಯನ್ನು ಮುಗಿಸದೆಯೇ ಬಿಟ್ಟು ಪ್ರಷ್ಯಾದ ಸೈನ್ಯಕ್ಕೆ ಸೇರಿದರು. ಸೈನಿಕನಾಗುವ ಹಂಬಲದಿಂದ ಅಲ್ಲ. ಫಿರಂಗಿ ದಳಕ್ಕೆ ಸೇರಿದವರನ್ನು ಮೂರು ವರ್ಷ ತಾಂತ್ರಿಕ ಶಾಲೆಗೆ ಕಳಿಸುತ್ತಿದ್ದರು, ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಅಲ್ಲಿ ಪುಕ್ಕಟೆ. ಎಸ್ಸೆಸ್ಸೆಲ್ಸಿ ಆದಮೇಲೆ ಸೈನ್ಸಿಗೋ ಕಾಮರ್ಸಿಗೋ ಎಂದು ನಮ್ಮ ಮನೆಯಲ್ಲಿ ನಡೆದ ಚರ್ಚೆ ನೆನಪಾಯಿತು. ಟ್ಯೂಷನ್ ಖರ್ಚಿನ ಮಾತು ಬಂದಾಗ ಕಾಮರ್ಸ್ ಎಂದು ನಾನೇ ಹೇಳಿದ್ದೆ, ಯಾರೂ ಒತ್ತಾಯ ಮಾಡಿರಲಿಲ್ಲ. ಬೇಸರ ಇಲ್ಲವೆಂದರೆ ಸುಳ್ಳಾದೀತು.

ಸೈನ್ಯದಲ್ಲಿದ್ದಾಗ ಒಂದು ತಮಾಷೆಯ ಪ್ರಸಂಗ ನಡೆಯಿತು. ಇಬ್ಬರು ಅಧಿಕಾರಿಗಳ ದ್ವಂದ್ವಯುದ್ಧದಲ್ಲಿ ಒಬ್ಬನ ಪರವಾಗಿ ಜೊತೆ ನಿಂತ ತಪ್ಪಿಗೆ ವರ್ನರ್‌ಗೆ ಮ್ಯಾಗ್ಡೆಬುರ್ಗ್ ಕೋಟೆಯಲ್ಲಿ ಸೆರೆವಾಸವಾಯಿತು. ಅವರು ಕೋಣೆಯೊಳಗೆ ರಾಸಾಯನಿಕಗಳನ್ನು ತರಿಸಿಕೊಂಡು, ವಿದ್ಯುತ್ ಹರಿಸಿ ಲೋಹಕ್ಕೆ ಚಿನ್ನದ ಲೇಪ ಕೊಡುವ ಪ್ರಯೋಗ ಶುರುಮಾಡಿದರು. ಒಂದು ಚಮಚದ ಅರ್ಧ ಭಾಗ ಚಿನ್ನದ ಬಣ್ಣಕ್ಕೆ ತಿರುಗಿದಾಗ ಆದ ಸಂತೋಷ ಹೇಳತೀರದು. ಅಷ್ಟರಲ್ಲಿ ಕ್ಷಮಾದಾನದ ಆಜ್ಞೆ ಬಂತು. ಪ್ರಯೋಗ ಮುಗಿಯುವವರೆಗೆ ಇನ್ನೂ ಕೆಲವು ದಿನ ಇಲ್ಲೇ ಇರುತ್ತೇನೆಂದು ಬೇಡಿಕೊಂಡರೂ ಹೊರಗೆ ಕಳಿಸಿಬಿಟ್ಟರು! 1842ರಲ್ಲಿ ಆ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು. ತಮ್ಮ ವಿಲ್ಹೆಲ್ಮ್ ಅದನ್ನು ಇಂಗ್ಲೆಂಡಿಗೆ ಒಯ್ದು ಒಳ್ಳೆಯ ಬೆಲೆಗೆ ಮಾರಿ ಬಂದ. ಆ ಹಣವೂ ತಮ್ಮಂದಿರ ಓದಿಗೆ ಆಧಾರವಾಯಿತು.

ಆ ಕಾಲದಲ್ಲಿ ತಂತಿ ಸಂದೇಶ ಎಂಬುದು ಹೊಸತು. ವರ್ನರ್ ಸಿಗಾರ್ ಪೆಟ್ಟಿಗೆ, ತಗಡಿನ ಚೂರು, ಕಬ್ಬಿಣದ ತುಂಡು, ತಾಮ್ರದ ತಂತಿ ಇಷ್ಟರಿಂದಲೇ ಒಂದು ಹೊಸ ಬಗೆಯ ತಂತಿ ಯಂತ್ರದ ಮಾದರಿ ಮಾಡಿದರು. ಅದರಲ್ಲಿ ಸಂಕೇತಗಳನ್ನು ಕಲಿಯಬೇಕಿರಲಿಲ್ಲ, ಮುಳ್ಳು ನೇರವಾಗಿ ಅಕ್ಷರದ ಮೇಲೆ ಬಂದು ನಿಲ್ಲುತ್ತಿತ್ತು. ಅದನ್ನು ನಯವಾಗಿ ತಯಾರಿಸಿಕೊಡಬಲ್ಲ ಒಬ್ಬ ಕುಶಲಕರ್ಮಿ ಬೇಕಿತ್ತು. ಗೇಯೋರ್ಗ್ ಹಾಲ್ಸ್ಕೆ ಸಿಕ್ಕರು. ಆದರೆ ಇಬ್ಬರ ಕೈಯಲ್ಲೂ ದುಡ್ಡಿರಲಿಲ್ಲ.

ಇಲ್ಲಿಂದ ಮುಂದಿನದನ್ನು ಕಾಮರ್ಸಿನವರು ಸ್ವಲ್ಪ ಗಮನವಿಟ್ಟು ಓದಬೇಕು. ವರ್ನರ್ ಅವರ ಸೋದರ ಸಂಬಂಧಿ, ವಕೀಲರಾಗಿದ್ದ ಯೋಹಾನ್ ಗೇಯೋರ್ಗ್ ಸೀಮೆನ್ಸ್, 6,842 ಥಾಲರ್ ಕೊಟ್ಟರು. ಥಾಲರ್ ಎಂದರೆ ಅಲ್ಲಿನ ಬೆಳ್ಳಿ ನಾಣ್ಯ. ಅದಕ್ಕೆ ಪ್ರತಿಯಾಗಿ ಆರು ವರ್ಷಗಳ ಕಾಲ ಲಾಭದಲ್ಲಿ ಐದನೇ ಒಂದು ಪಾಲು. ಉಳಿದದ್ದರಲ್ಲಿ ವರ್ನರ್ ಮತ್ತು ಹಾಲ್ಸ್ಕೆಗೆ ಸಮಪಾಲು. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಲಾಭ ಹಂಚಿಕೆಯ ಅನುಪಾತ 2:2:1. ಪಾಲುದಾರಿಕೆಯ ಪಾಠದ ಲೆಕ್ಕಗಳಲ್ಲಿ ಎ, ಬಿ, ಸಿ ಎಂಬವರು ಯಾಕೆ ಯಾವಾಗಲೂ ಇಂಥ ಅನುಪಾತದಲ್ಲಿ ವ್ಯಾಪಾರ ಮಾಡುತ್ತಾರೆಂದು ನಾನು ಗೊಣಗಿದ್ದುಂಟು. ಇಲ್ಲಿ ಅವರು ನಿಜವಾಗಿಯೂ ಇದ್ದರು. ಒಬ್ಬನದು ಯೋಚನೆ, ಒಬ್ಬನದು ಕೈಕೆಲಸ, ಒಬ್ಬನದು ಹಣ. 1847ರ ಅಕ್ಟೋಬರಿನಲ್ಲಿ ಬರ್ಲಿನ್ನಿನ ಒಂದು ಮನೆಯ ಹಿಂದಿನ ಕಟ್ಟಡದಲ್ಲಿ ಕೆಲವೇ ಕೆಲಸಗಾರರೊಂದಿಗೆ ಸೀಮೆನ್ಸ್ ಮತ್ತು ಹಾಲ್ಸ್ಕೆ ಕಾರ್ಖಾನೆ ಶುರುವಾಯಿತು. ಎರಡು ವರ್ಷದೊಳಗೆ ಬರ್ಲಿನ್ನಿನಿಂದ ಫ್ರಾಂಕ್‌ಫರ್ಟಿಗೆ ತಂತಿ ಮಾರ್ಗ ಹಾಕಿದರು. ವರ್ನರ್ ಸೈನ್ಯ ಬಿಟ್ಟರು.

ಬೇಗನೆ ಪೆಟ್ಟೂ ಬಿತ್ತು. ನೆಲದಡಿ ಹಾಕಿದ ತಂತಿಗಳು ಹಾಳಾಗತೊಡಗಿದವು. ತಪ್ಪು ಯಾರದೆಂಬ ವಾದದಲ್ಲಿ ವರ್ನರ್ ಸರ್ಕಾರದ ತಂತಿ ಇಲಾಖೆಯನ್ನೇ ಟೀಕಿಸಿ ಒಂದು ಪುಸ್ತಿಕೆ ಬರೆದರು. ಇಲಾಖೆ ಮುನಿಸಿಕೊಂಡು ಕೆಲಸ ಕೊಡುವುದನ್ನೇ ನಿಲ್ಲಿಸಿತು. ದೊಡ್ಡ ಗಿರಾಕಿ ಒಬ್ಬನೇ ಇದ್ದರೆ ಆಗುವ ಅಪಾಯ ಇದು. ಅಬ್ಬಾನಿಗೂ ಹಾಗೆಯೇ, ಮಳೆಗಾಲದಲ್ಲಿ ಯಾತ್ರಿಕರು ಕಡಿಮೆಯಾದರೆ ಇಡೀ ವಾರ ಬಾಡಿಗೆ ಇರುವುದಿಲ್ಲ. ಸೀಮೆನ್ಸ್ ಅಣ್ಣತಮ್ಮಂದಿರು ರಷ್ಯಾಕ್ಕೆ ಹೊರಳಿದರು. ತಮ್ಮ ಕಾರ್ಲ್ ಅಲ್ಲಿ ನಿಂತು ಸಾವಿರಾರು ಕಿಲೋಮೀಟರ್ ತಂತಿ ಹಾಕಿಸಿದ. ತಂತಿ ಹಾಕಿದ್ದಕ್ಕೆ ಒಮ್ಮೆ ಸಿಗುವ ಹಣದ ಜೊತೆಗೆ, ಅದನ್ನು ನೋಡಿಕೊಳ್ಳುವ ಕರಾರಿನಿಂದ ವರ್ಷ ವರ್ಷವೂ ಹಣ ಬಂತು. ವಿಲ್ಹೆಲ್ಮ್ ಇಂಗ್ಲೆಂಡಿನಲ್ಲಿ ವಿಲಿಯಂ ಆಗಿ ಅಲ್ಲಿನ ವ್ಯಾಪಾರ ನೋಡಿಕೊಂಡ. ಈ ಮೂವರು ಸೇರಿ ನಮ್ಮ ದೇಶಕ್ಕೂ ತಂತಿ ತಂದರು. ಲಂಡನ್ನಿನಿಂದ ಪ್ರಷ್ಯಾ, ರಷ್ಯಾ, ಪರ್ಷಿಯಾದ ಟೆಹರಾನ್ ಹಾದು ಭಾರತದವರೆಗೆ ಸುಮಾರು 11,000 ಕಿಲೋಮೀಟರ್. 1870ರ ಏಪ್ರಿಲ್ 12ರಂದು ಲಂಡನ್ನಿನಿಂದ ಕಳಿಸಿದ ಸಂದೇಶ 28 ನಿಮಿಷದಲ್ಲಿ ಕಲ್ಕತ್ತ ತಲುಪಿತು. ಅದಕ್ಕೆ ಮೊದಲು ಅದೇ ಸುದ್ದಿ ಹಡಗಿನಲ್ಲಿ ಬರಲು ವಾರಗಟ್ಟಲೆ ಬೇಕಿತ್ತು.

ಇನ್ನು ರೈಲಿನ ವಿಷಯ. ರೈಲಿಗೆ ಮೊದಲು ಡೈನಮೋ.

ಬ್ಯಾಟರಿಯಿಂದ ಬರುವ ವಿದ್ಯುತ್ ದುಬಾರಿ, ಸ್ವಲ್ಪ. ಕಾಂತದ ನಡುವೆ ತಂತಿಯ ಸುರುಳಿ ತಿರುಗಿಸಿದರೆ ವಿದ್ಯುತ್ ಹುಟ್ಟುತ್ತದೆಂದು ಗೊತ್ತಿತ್ತು, ಆದರೆ ಉಕ್ಕಿನ ಕಾಂತಗಳ ಶಕ್ತಿ ಸಾಲುತ್ತಿರಲಿಲ್ಲ. 1866ರಲ್ಲಿ ವರ್ನರ್ ಕಂಡುಕೊಂಡದ್ದು ಇಷ್ಟು: ಕಬ್ಬಿಣದಲ್ಲಿ ಯಾವಾಗಲೂ ಚೂರು ಕಾಂತತ್ವ ಉಳಿದಿರುತ್ತದೆ. ಅದರಿಂದ ಹುಟ್ಟುವ ಚೂರು ವಿದ್ಯುತ್ತನ್ನು ಅದೇ ಕಬ್ಬಿಣದ ಸುತ್ತ ಹರಿಸಿದರೆ ಕಾಂತ ಬಲವಾಗುತ್ತದೆ, ಆಗ ವಿದ್ಯುತ್ ಹೆಚ್ಚುತ್ತದೆ, ಮತ್ತೆ ಕಾಂತ ಬಲವಾಗುತ್ತದೆ. ಬಂದ ಲಾಭವನ್ನು ಮನೆಗೆ ಒಯ್ಯದೆ ಬಂಡವಾಳಕ್ಕೇ ಸೇರಿಸುತ್ತಾ ಹೋದ ಹಾಗೆ ಎಂದು ನಾನು ಅರ್ಥಮಾಡಿಕೊಂಡೆ. ಸೈನ್ಸ್ ಗೆಳತಿ ಸರಿ ಎಂದು ತಲೆಯಾಡಿಸಿದ್ದಾಳೆ. ಇದೇ ಯೋಚನೆ ಅದೇ ಸಮಯಕ್ಕೆ ಇಂಗ್ಲೆಂಡಿನ ವೀಟ್‌ಸ್ಟೋನ್ ಮತ್ತು ವಾರ್ಲಿ ಎಂಬವರಿಗೂ ಹೊಳೆದಿತ್ತು, ಹಂಗೆರಿಯ ಯೆಡ್ಲಿಕ್ ಎಂಬವರು ಇನ್ನೂ ಮೊದಲೇ ಮಾಡಿದ್ದರು. ಎಲ್ಲವನ್ನೂ ಸೀಮೆನ್ಸ್ ಒಬ್ಬರೇ ಕಂಡುಹಿಡಿದರೆಂದು ಬರೆದರೆ ಅನ್ಯಾಯವಾಗುತ್ತದೆ. ಆದರೆ ಇದರಿಂದ ಏನೇನು ಮಾಡಿ ಮಾರಬಹುದೆಂದು ಅವರಷ್ಟು ಬೇಗ ಕಂಡವರು ಕಡಿಮೆ. ಮುಂದಿನ ವರ್ಷವೇ ಹಾಲ್ಸ್ಕೆ ಪಾಲುದಾರಿಕೆ ಬಿಟ್ಟರು. ಒಂದೊಂದು ಯಂತ್ರವನ್ನೂ ಕೈಯಿಂದ ನಯವಾಗಿ ಮಾಡುವ ಅವರಿಗೆ ಈ ದೊಡ್ಡ ದೊಡ್ಡ ಸಾಹಸಗಳು ಹಿಡಿಸಲಿಲ್ಲ. ನನಗೆ ಹಾಲ್ಸ್ಕೆ ಮೇಲೆಯೂ ಗೌರವ ಇದೆ.

1879ರ ಮೇ 31ರಂದು ಬರ್ಲಿನ್ನಿನ ಕೈಗಾರಿಕಾ ವಸ್ತುಪ್ರದರ್ಶನದಲ್ಲಿ ಸೀಮೆನ್ಸ್ ಒಂದು ಪುಟ್ಟ ಎಂಜಿನ್ ಓಡಿಸಿ ತೋರಿಸಿದರು. ಜನರನ್ನು ಹೊತ್ತು ಓಡಿದ, ಹೊರಗಿನ ಡೈನಮೋದಿಂದ ವಿದ್ಯುತ್ ಪಡೆದ ಮೊದಲ ವಿದ್ಯುತ್ ರೈಲು ಅದು. ಚಿತ್ರ ನೋಡಿದರೆ ನಗು ಬರುತ್ತದೆ. ಚಾಲಕ ಮರದ ಪೆಟ್ಟಿಗೆಯ ಮೇಲೆ ಕೂತ ಹಾಗೆ ಎಂಜಿನ್ನಿನ ಮೇಲೆಯೇ ಕೂತಿದ್ದಾನೆ. ಹಿಂದೆ ಮೂರು ಸಣ್ಣ ಗಾಡಿಗಳು, ಒಂದೊಂದರಲ್ಲಿ ಆರು ಜನ. 300 ಮೀಟರ್ ಉದ್ದದ ದುಂಡನೆಯ ಹಳಿ, ವೇಗ ಗಂಟೆಗೆ ಸುಮಾರು 7 ಕಿಲೋಮೀಟರ್. ನಮ್ಮ ಹಬ್ಬದ ಜಾತ್ರೆಗಳಲ್ಲಿ ಮಕ್ಕಳ ರೈಲು ಇದಕ್ಕಿಂತ ಜೋರಾಗಿ ಓಡುತ್ತದೆ. ಆದರೂ ನಾಲ್ಕು ತಿಂಗಳಲ್ಲಿ 80,000ಕ್ಕೂ ಹೆಚ್ಚು ಜನ ಅದರಲ್ಲಿ ಕೂತು ಸುತ್ತು ಹೊಡೆದರು. ಇದನ್ನು ಮೊದಲು ಯೋಚಿಸಿದ್ದು ಕಲ್ಲಿದ್ದಲ ಗಣಿಯ ಕೆಲಸಕ್ಕೆ ಎಂಬುದು ಇನ್ನೊಂದು ತಮಾಷೆ. ಆ ಎಂಜಿನ್ ಈಗ ಮ್ಯೂನಿಕ್ಕಿನ ವಸ್ತುಸಂಗ್ರಹಾಲಯದಲ್ಲಿದೆ.

ಇದರಲ್ಲಿ ಅಂಥದ್ದೇನಿದೆ? ಉಗಿ ಎಂಜಿನ್ ತನ್ನ ಕಲ್ಲಿದ್ದಲು, ನೀರು, ಬಾಯ್ಲರ್ ಎಲ್ಲವನ್ನೂ ಹೊತ್ತುಕೊಂಡೇ ಓಡಬೇಕು. ಡೀಸೆಲ್ ಎಂಜಿನ್ ಎಣ್ಣೆಯನ್ನೂ, ಅದನ್ನು ಸುಡುವ ದೊಡ್ಡ ಯಂತ್ರವನ್ನೂ ಹೊರಬೇಕು. ಸೀಮೆನ್ಸ್ ಅವರ ಎಂಜಿನ್ ಏನನ್ನೂ ಹೊರಲಿಲ್ಲ. ಡೈನಮೋ ದೂರದಲ್ಲಿ ನೆಲದ ಮೇಲೆ ನಿಂತಿತ್ತು. ಎರಡು ಹಳಿಗಳ ನಡುವೆ ಇಟ್ಟ ಮೂರನೇ ಪಟ್ಟಿಯಿಂದ 150 ವೋಲ್ಟ್ ವಿದ್ಯುತ್ತನ್ನು ಎಂಜಿನ್ ಓಡುತ್ತಾ ಓಡುತ್ತಾ ಎತ್ತಿಕೊಂಡಿತು. ಶಕ್ತಿ ಹುಟ್ಟುವ ಜಾಗ ಬೇರೆ, ಓಡುವ ಗಾಡಿ ಬೇರೆ. ಪೇಟೆಯ ರೈಲಿಗೆ ಇದು ಬಹಳ ಮುಖ್ಯ. ಎರಡು ಮೂರು ಕಿಲೋಮೀಟರಿಗೊಂದು ಸ್ಟೇಷನ್ ಬಂದರೆ ಗಾಡಿ ನಿಲ್ಲಬೇಕು, ಮತ್ತೆ ತಟ್ಟನೆ ವೇಗ ಹಿಡಿಯಬೇಕು. ವಿದ್ಯುತ್ ಮೋಟರು ನಿಂತಲ್ಲಿಂದಲೇ ಪೂರ್ತಿ ಬಲದಿಂದ ಎಳೆಯುತ್ತದೆ. ಒಂದೇ ಎಂಜಿನ್ ಬೇಕೆಂದೂ ಇಲ್ಲ, ಹಲವು ಡಬ್ಬಿಗಳ ಕೆಳಗೆ ಮೋಟರು ಇಡಬಹುದು. ಮಾಮುವಿನ ಲೋಕಲ್ ರೈಲು ಹಾಗೆಯೇ ಓಡುವುದು. ಸುರಂಗದಲ್ಲಿ ಹೊಗೆ ಇಲ್ಲ. ನಮ್ಮ ಕೊಂಕಣ ಮಾರ್ಗದಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗಗಳಿವೆ ಎಂದು ನೆನಪಿಸಿಕೊಂಡರೆ ಇದರ ಬೆಲೆ ತಿಳಿಯುತ್ತದೆ.

ಜನರ ದಿನನಿತ್ಯದ ಓಡಾಟಕ್ಕೆ ಬರ್ಲಿನ್ನಿನ ರಸ್ತೆಗಳ ಮೇಲೆ ಕಂಬ ನಿಲ್ಲಿಸಿ ವಿದ್ಯುತ್ ರೈಲು ಓಡಿಸುತ್ತೇನೆಂದು ಸೀಮೆನ್ಸ್ 1880ರ ಸುಮಾರಿಗೆ ಕೇಳಿಕೊಂಡರು. ಮಹಡಿಯ ಕಿಟಕಿಗಳೊಳಗೆ ಪ್ರಯಾಣಿಕರು ಇಣುಕಿ ನೋಡುತ್ತಾರೆಂದು ಮನೆಯವರು ತಕರಾರು ತೆಗೆದರು, ಅನುಮತಿ ಸಿಗಲಿಲ್ಲ. ಆಗ ಪೇಟೆಯ ಹೊರಗೆ ಲಿಷ್ಟರ್‌ಫೆಲ್ಡೆ ಎಂಬಲ್ಲಿ, ರೈಲು ಸ್ಟೇಷನ್ನಿನಿಂದ ಸೈನಿಕ ಶಾಲೆಯವರೆಗೆ ಸುಮಾರು ಎರಡೂವರೆ ಕಿಲೋಮೀಟರ್ ವಿದ್ಯುತ್ ಟ್ರ್ಯಾಮ್ ಹಾಕಿದರು. 1881ರ ಮೇ 16ರಂದು ಅದು ಓಡಿತು. ಸ್ಟೇಷನ್ನಿಗೆ ಇಳಿದವರನ್ನು ಒಳಗಿನ ಊರಿಗೆ ಮುಟ್ಟಿಸುವ ಕೆಲಸ, ಅಂದರೆ ಅಬ್ಬಾ ಮಾಡುವ ಕೆಲಸವೇ! ಒಂದು ತೊಂದರೆ ಇತ್ತು. ವಿದ್ಯುತ್ ಹಳಿಗಳಲ್ಲೇ ಹರಿಯುತ್ತಿತ್ತು. ದಾಟುವಾಗ ಕಬ್ಬಿಣದ ಲಾಳದ ಕುದುರೆಗಳಿಗೆ ಶಾಕ್ ಹೊಡೆದು ಅವು ಕೆರಳುತ್ತಿದ್ದವು. ತಂತಿಯನ್ನು ತಲೆಯ ಮೇಲಕ್ಕೆ ಏರಿಸಬೇಕೆಂಬ ಪಾಠ ಹೀಗೆ ಬಂತು. ಬೈಂದೂರಿನಲ್ಲಿ ನಾವು ತಲೆ ಎತ್ತಿ ನೋಡುವ ತಂತಿಯಲ್ಲಿ ಈಗ 25,000 ವೋಲ್ಟ್.

ಕೆಲಸಗಾರರ ವಿಷಯದಲ್ಲಿ ಸೀಮೆನ್ಸ್ ಲೆಕ್ಕಾಚಾರದ ಮನುಷ್ಯ. 1872ರಲ್ಲಿಯೇ ಅವರ ಕಂಪೆನಿಯಲ್ಲಿ ಪಿಂಚಣಿ ನಿಧಿ, ಕೆಲಸಗಾರ ತೀರಿಕೊಂಡರೆ ಹೆಂಡತಿ ಮಕ್ಕಳಿಗೆ ಹಣ ಸಿಗುವ ನಿಧಿ ಇತ್ತು. ಸರ್ಕಾರದ ಕಾನೂನು ಬರುವುದಕ್ಕೂ ಮೊದಲು. ಕರುಣೆಯ ಜೊತೆಗೆ, ನುರಿತ ಕೆಲಸಗಾರರು ಬಿಟ್ಟುಹೋಗಬಾರದು, ಮುಷ್ಕರ ಹೂಡಬಾರದು ಎಂಬ ಯೋಚನೆಯೂ ಅದರಲ್ಲಿತ್ತು. ಎರಡೂ ಒಟ್ಟಿಗೆ ಇರಬಾರದೆಂದೇನಿಲ್ಲ. ಕಂಪೆನಿ ಮನೆಯವರ ಕೈ ಬಿಟ್ಟು ಹೋಗಬಾರದೆಂಬ ಹಟ ಅವರಿಗೆ ಕೊನೆಯವರೆಗೂ ಇತ್ತು.

1888ರಲ್ಲಿ ದೊರೆಯಿಂದ ಕುಲೀನ ಪದವಿ ಸಿಕ್ಕಿ ಹೆಸರಿನಲ್ಲಿ ಫಾನ್ ಸೇರಿತು. ಸ್ವಲ್ಪ ಸಮಯದಲ್ಲೇ ವ್ಯಾಪಾರವನ್ನು ತಮ್ಮ ಕಾರ್ಲ್ ಮತ್ತು ಮಕ್ಕಳಿಗೆ ಬಿಟ್ಟು ಆತ್ಮಕಥೆ ಬರೆಯಲು ಕೂತರು. ಅದು ಅಚ್ಚಾಗಿ ಬಂದ ಬೆನ್ನಿಗೇ, 1892ರ ಡಿಸೆಂಬರ್ 6ರಂದು ತೀರಿಕೊಂಡರು. ಎಪ್ಪತ್ತಾರು ತುಂಬಲು ಒಂದು ವಾರ ಉಳಿದಿತ್ತು. ಬರ್ಲಿನ್ ಒಲ್ಲೆನೆಂದಿದ್ದ ಮೇಲ್ಸೇತುವೆಯ ವಿದ್ಯುತ್ ರೈಲನ್ನು ಅವರ ಕಂಪೆನಿಯೇ ಕಟ್ಟಿ 1902ರಲ್ಲಿ ಓಡಿಸಿತು. ಅದನ್ನು ನೋಡಲು ಅವರಿರಲಿಲ್ಲ.

ಭಾರತದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಬೊಂಬಾಯಿಯ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಹೊರಟಿತು. ಅದು ಹೋಗಿ ಮುಟ್ಟಿದ್ದು ಎಲ್ಲಿಗೆ ಗೊತ್ತೇ? ಕುರ್ಲಾಕ್ಕೆ. ಫೋನಿನಲ್ಲಿ ಹೇಳಿದಾಗ ಮಾಮುಗೆ ನಂಬಿಕೆಯೇ ಬರಲಿಲ್ಲ. ಇಪ್ಪತ್ತು ವರ್ಷದಿಂದ ಅದೇ ಸ್ಟೇಷನ್ನಿನಲ್ಲಿ ಹತ್ತಿ ಇಳಿಯುತ್ತಿದ್ದಾರೆ. ಈಗ ಸೀಮೆನ್ಸ್ ಕಂಪೆನಿಗೆ ಗುಜರಾತಿನ ದಾಹೋದ್‌ನಲ್ಲಿ 9,000 ಅಶ್ವಶಕ್ತಿಯ 1,200 ಸರಕು ಎಂಜಿನ್ನುಗಳನ್ನು ತಯಾರಿಸಿಕೊಡುವ ಕೆಲಸ ಸಿಕ್ಕಿದೆ, ಮೊತ್ತ ಸುಮಾರು 26,000 ಕೋಟಿ ರೂಪಾಯಿ. ಶುರುವಾದದ್ದು 6,842 ಥಾಲರಿನಿಂದ.

ಮನೆಯ ಲೆಕ್ಕಕ್ಕೆ ಬರುತ್ತೇನೆ. ಬ್ಯಾಟರಿ ರಿಕ್ಷಾ ರೈಲಿನ ಹಾಗಲ್ಲ, ಅದರ ಶಕ್ತಿಯನ್ನು ಅದೇ ಹೊರಬೇಕು. ಬೈಂದೂರಿನಿಂದ ಕೊಲ್ಲೂರಿನ ಕಾಡಿನ ದಾರಿಯ ಮೇಲೆ ತಂತಿ ಇಲ್ಲ. ದಿನಕ್ಕೆ ಎಷ್ಟು ಬಾಡಿಗೆ, ನಡುವೆ ಎಲ್ಲಿ ಚಾರ್ಜು, ಬ್ಯಾಟರಿ ಹಳತಾದರೆ ಏನು, ಎಲ್ಲವನ್ನೂ ಬರೆದಿದ್ದೇನೆ. ಸವಕಳಿಗೆ ಬೇರೆ ಕಲಮು ಹಾಕಿದ್ದೇನೆ. ಬಡ್ಡಿಯ ಸಾಲ ಎಂದರೆ ದಾದಿ ಒಪ್ಪುವುದಿಲ್ಲ. ಮಾಮು ಹಣದಲ್ಲಿ ಒಂದು ಭಾಗ ಕೊಡುತ್ತೇನೆ, ಬಡ್ಡಿ ಬೇಡ, ಕೆಲವು ವರ್ಷ ಗಳಿಕೆಯಲ್ಲಿ ಪಾಲು ಕೊಡಿ ಎಂದಿದ್ದಾರೆ. ಹೆಂಡತಿಯ ತಮ್ಮನಿಂದ ಹಣ ಪಡೆಯಲು ಅಬ್ಬಾಗೆ ಸಂಕೋಚ. ಪಾಲು ಎಂದರೆ ನಷ್ಟದಲ್ಲೂ ಪಾಲು ತಾನೇ, ಅವನ ದುಡ್ಡು ಮುಳುಗಿದರೆ ನಿನ್ನ ಅಮ್ಮಿಯ ಮುಖ ಹೇಗೆ ನೋಡಲಿ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಪಾಲುದಾರಿಕೆಯ ಪಾಠದಲ್ಲಿ ಉತ್ತರ ಸಿಗಲಿಲ್ಲ. 6,842 ಥಾಲರಿನ ಕಥೆ ಹೇಳಿದೆ. ಅಬ್ಬಾ ಪೂರ್ತಿ ಕೇಳಿ, ಆ ವಕೀಲನಿಗೆ ಹೆಣ್ಣುಮಕ್ಕಳಿದ್ದರೋ ಎಂದು ಮಾತ್ರ ಕೇಳಿದರು.

ಬರುವ ಶುಕ್ರವಾರ ಮಾಮು ಮತ್ಸ್ಯಗಂಧದಲ್ಲಿ ಹೊರಡುತ್ತಾರೆ. ಶನಿವಾರ ನಸುಕಿಗೆ ಬೈಂದೂರಿನಲ್ಲಿ ಇಳಿಯುತ್ತಾರೆ. ಕರೆತರಲು ಅಬ್ಬಾ ಜೊತೆ ನಾನೂ ಹೋಗುತ್ತೇನೆ, ಲೆಕ್ಕದ ಪುಸ್ತಕ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಹಳೆಯ ರಿಕ್ಷಾದ ಸೈಲೆನ್ಸರ್ ಸದ್ದಿನಲ್ಲಿ ಕೊಲ್ಲೂರು ಮುಟ್ಟುವವರೆಗೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಹಾಗಾಗಿ ಪ್ಲಾಟ್‌ಫಾರ್ಮಿನಲ್ಲೇ ಕೂತು ಮೊದಲು ಲೆಕ್ಕ ತೋರಿಸಬೇಕೆಂದಿದ್ದೇನೆ.